ಸಹಾಯಕ ನಿರ್ದೇಶಕನ ಕಡತ

ಸಹಾಯಕ ನಿರ್ದೇಶಕನ ಕೈಯಲ್ಲಿ ಸದಾ ಕಾಗದ ಇರುತ್ತದೆ. ಕಲಾವಿದರ ಡೇಟ್ಸ್ ಬರೆದ ಹಾಳೆ, ಸೀನ್ ಪೇಪರ್, ನಾಳೆಗೆ ಬೇಕಾದ ಪ್ರಾಪರ್ಟಿಗಳ ಪಟ್ಟಿ, ಕಂಟಿನ್ಯುಟಿ ಪುಸ್ತಕ, ಇವಿಲ್ಲದೆ ಅವನು ಸೆಟ್ಟಿಗೆ ಕಾಲಿಡುವುದಿಲ್ಲ. ನಾಯಕಿ ಹಿಂದಿನ ಶಾಟ್‌ನಲ್ಲಿ ಯಾವ ಬಣ್ಣದ ಬಳೆ ತೊಟ್ಟಿದ್ದರು, ಅಜ್ಜನ ಪಾತ್ರಧಾರಿ ಕೋಲನ್ನು ಯಾವ ಕೈಲಿ ಹಿಡಿದಿದ್ದರು, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ ಎಲ್ಲವನ್ನೂ ಬರೆದಿಡುವವನು ಅವನು. ಅವನ ವಿಷಯ ಬರೆದಿಡುವವರು ಮಾತ್ರ ಯಾರೂ ಇಲ್ಲ. ಸಿನಿಮಾ ಬಿಡುಗಡೆಯಾದಾಗ ಹತ್ತಾರು ಹೆಸರುಗಳ ನಡುವೆ ಅವನ ಹೆಸರೂ ಕ್ಷಣಮಾತ್ರ ಪರದೆಯ ಮೇಲೆ ಬಂದು ಹೋಗುತ್ತದೆ. ಈ ಕೆಲಸದಲ್ಲೇ ಆಯುಸ್ಸು ಕಳೆದವನಿಗೆ, ತಾನು ದುಡಿದದ್ದು ನಿಜ ಎಂದು ಹೇಳಲು ಉಳಿಯುವುದು ತಾನೇ ಜೋಪಾನ ಮಾಡಿಟ್ಟುಕೊಂಡ ಕಾಗದಗಳು. ಅಂಥ ನನ್ನ ಕಡತದ ಬಗ್ಗೆ ಬರೆಯಬೇಕೆನಿಸಿದ್ದಕ್ಕೆ ಕಾರಣ ಇದೆ. ನಮ್ಮ ಸೀಮೆಯ ಹುಡುಗ ಹುಡುಗಿಯರು ಈಗಲೂ ಸಿನಿಮಾ ಮಾಡುತ್ತೇವೆಂದು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.

ನಮ್ಮ ಸೀಮೆಯೆಂದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಮನೆ ನ್ಯಾಮತಿ ಪಕ್ಕದ ಹಳ್ಳಿಯಲ್ಲಿ. ಕಾಲೇಜು ಓದಿದ್ದು ಹೊನ್ನಾಳಿಯಲ್ಲಿ. ಅಕ್ಕನನ್ನು ಕೊಟ್ಟಿದ್ದು ಚನ್ನಗಿರಿಗೆ. ಅವ್ವನ ತವರು ಜಗಳೂರು ಕಡೆ. ನಕ್ಷೆಯಲ್ಲಿ ಹತ್ತಿರ ಕಂಡರೂ ಇವು ಒಂದೇ ಥರದ ಊರುಗಳಲ್ಲ. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಅಡಿಕೆ ತೋಟ. ಹೊನ್ನಾಳಿಗೆ ತುಂಗಭದ್ರೆ ಇದ್ದಾಳೆ. ಜಗಳೂರಿನವರು ಮಾತ್ರ ಆಕಾಶ ನೋಡಿಯೇ ಬಿತ್ತಬೇಕು; ಮಳೆ ಕೈಕೊಟ್ಟ ವರ್ಷ ಗುಳೆ ಹೋಗಬೇಕು.

ಕಡತದ ತಳದಲ್ಲಿರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದರ ಜೊತೆಗಿರುವ ವರ್ಗಾವಣೆ ಪತ್ರದಲ್ಲಿ ನನ್ನ ಊರು ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. 1997ರ ಆಗಸ್ಟ್ 15ರಂದು ದಾವಣಗೆರೆ ಹೊಸ ಜಿಲ್ಲೆಯಾಯಿತು. ಅದನ್ನು ಮಾಡಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಚಿತ್ರರಂಗದ ಕಾರ್ಮಿಕರ ಒಕ್ಕೂಟದ ನನ್ನ ಕಾರ್ಡಿನಲ್ಲಿ ಅದೇ ಮನೆ ಹೊನ್ನಾಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ. 2018ರ ಹೊತ್ತಿಗೆ ನ್ಯಾಮತಿಯೇ ತಾಲ್ಲೂಕಾಯಿತು. ಆಮೇಲಿನ ಕಾಗದಗಳಲ್ಲಿ ನ್ಯಾಮತಿ ತಾಲ್ಲೂಕು. ನಾವು ಮನೆ ಬದಲಿಸಲಿಲ್ಲ, ವಿಳಾಸ ಬದಲಾಗುತ್ತ ಬಂತು. ಮುಂದೆ ಕಚೇರಿಯೊಂದರಲ್ಲಿ ಈ ಮೂರೂ ವಿಳಾಸ ಒಂದೇ ಊರಿನವೆಂದು ಒಪ್ಪಿಸಲು ಹಳೆಯ ಪಡಿತರ ಚೀಟಿಯಿಂದ ಹಿಡಿದು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಬೇಕಾಯಿತು. ಎಲ್ಲ ಇಟ್ಟುಕೊಂಡಿದ್ದರಿಂದಲೇ ಕೆಲಸವಾಯಿತು.

ಕಾಗದ ಇಟ್ಟುಕೊಳ್ಳುವ ಬುದ್ಧಿ ನನಗೆ ಸಿನಿಮಾದಿಂದ ಬಂದದ್ದಲ್ಲ. ಚನ್ನಗಿರಿಯ ಭಾವನ ಮನೆಯಲ್ಲಿ, ನಡುಮನೆಯ ಗೂಟಕ್ಕೆ ತೂಗುಹಾಕಿದ ಕಂಬಿಯಲ್ಲಿ ಅಡಿಕೆ ಪಟ್ಟಿಗಳು ಚುಚ್ಚಿಕೊಂಡಿರುತ್ತಿದ್ದವು. ಮಂಡಿಗೆ ಹಾಕಿದ್ದು, ಬೆಳೆಗಾರರ ಸಹಕಾರ ಸಂಘವಾದ ತುಮ್‌ಕೋಸ್‌ಗೆ ಹಾಕಿದ್ದು, ಯಾವ ಮಾಲು ಎಷ್ಟು ತೂಗಿತು, ಧಾರಣೆ ಏನಿತ್ತು, ಎಲ್ಲ. "ದುಡ್ಡು ಕೈಗೆ ಬಂತಲ್ಲ ಭಾವ, ಇನ್ನ್ಯಾಕೆ ಇವು?" ಎಂದು ಒಮ್ಮೆ ಕೇಳಿದ್ದೆ. "ದುಡ್ಡು ಖರ್ಚಾಗಿ ಹೋಗ್ತದೆ ಕಣಪ್ಪ. ಬೆಳೆ ಬೆಳೆದಿದ್ದೆ ಅನ್ನೋದಕ್ಕೆ ಪಟ್ಟಿ ಬೇಕಲ್ಲ" ಅಂದಿದ್ದರು. ಒಬ್ಬ ರೈತ ತನ್ನ ದುಡಿಮೆಯನ್ನು ಇಷ್ಟು ಗೌರವದಿಂದ ಕಾಣುವುದನ್ನು ನೋಡಿ ಬೆಳೆದವನು ನಾನು.

ಜಗಳೂರಿನ ಸೋದರಮಾವ ನಾಟಕದ ಮಾಸ್ತರರು. ಹಬ್ಬ, ಜಾತ್ರೆಗೆ ಊರವರು ಸೇರಿ ಆಡುತ್ತಿದ್ದ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತ ಮಾತು ಕಲಿಸುವುದು ಅವರ ಕೆಲಸ. ನಾಟಕದ ದಿನ ಪರದೆಯ ಮರೆಯಲ್ಲಿ ಕಂದೀಲಿನ ಬೆಳಕಿಗೆ ನೋಟ್‌ಬುಕ್ ಹಿಡಿದು, ನಟ ತಡವರಿಸಿದ ಕೂಡಲೇ ಮಾತು ಎತ್ತಿಕೊಡುತ್ತಿದ್ದರು. ಆ ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಸೀಸದಕಡ್ಡಿಯಲ್ಲಿ ಯಾರು ಯಾವ ಕಡೆಯಿಂದ ಬರಬೇಕು, ಯಾವಾಗ ಹಾಡು ಎಂದೆಲ್ಲ ಗುರುತು. "ನಟ ಮಾತು ನುಂಗಿದ್ರೆ ಅವಂದಲ್ಲ ತಪ್ಪು, ನಂದು. ತಿಳೀತೇನೋ ತಮ್ಮಾ?" ಎನ್ನುತ್ತಿದ್ದರು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಹೆಸರು ನಮ್ಮ ಕಡೆ ಮನೆಮಾತಾಗಿದ್ದ ಕಾಲವದು. ಪರದೆಯ ಮುಂದೆ ನಿಂತವರನ್ನು ಎಲ್ಲರೂ ನೋಡುತ್ತಿದ್ದರು. ನನ್ನ ಕಣ್ಣು ಮಾವನ ಪುಸ್ತಕದ ಮೇಲಿತ್ತು.

ಬೆಂಗಳೂರಿನಲ್ಲಿ ಚಿತ್ರರಂಗದ ನೆಲೆಯಾದ ಗಾಂಧಿನಗರಕ್ಕೆ ಹೋದಾಗ ತಿಳಿದದ್ದು, ಅಲ್ಲಿ ಕೆಲಸ ಹುಟ್ಟುವುದು ಪರಿಚಯದಿಂದ ಎಂಬುದು. ಅದರಲ್ಲಿ ಒಂದು ಒಳ್ಳೆಯ ಪರಂಪರೆಯೂ ಇತ್ತು. ಪುಟ್ಟಣ್ಣ ಕಣಗಾಲರು ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿದ್ದು ಕಲಿತವರು. ಗಿರೀಶ್ ಕಾಸರವಳ್ಳಿ ಅವರು ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಸಹಾಯಕರಾಗಿ ದುಡಿದಿದ್ದರು. ಉಪೇಂದ್ರ ಅವರನ್ನು ತಿದ್ದಿದ್ದು ಕಾಶೀನಾಥ್ ಅವರ ಗರಡಿ. ದೊಡ್ಡ ನಿರ್ದೇಶಕರೊಬ್ಬರ ಪಕ್ಕದಲ್ಲಿ ನಿಂತು ನೋಡುತ್ತ ಕಲಿಯುವುದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ, ನಿಜ. ಆ ಪಕ್ಕದ ಜಾಗ ಸಿಗುವುದಾದರೂ ಹೇಗೆ? ನ್ಯಾಮತಿಯ ಹುಡುಗನಿಗೆ ಅಲ್ಲಿ ಚಿಕ್ಕಪ್ಪನಿಲ್ಲ, ದೊಡ್ಡಪ್ಪನಿಲ್ಲ. ನನ್ನ ಕೈಲಿದ್ದುದು ಹೊನ್ನಾಳಿಯ ಕಾಲೇಜಿನ ಕನ್ನಡ ಮೇಷ್ಟ್ರು ತಮಗೆ ಪರಿಚಯವಿದ್ದ ಬರಹಗಾರರೊಬ್ಬರಿಗೆ ಬರೆದುಕೊಟ್ಟ ಇನ್‌ಲ್ಯಾಂಡ್ ಕಾಗದ. "ಈತನ ಅಕ್ಷರ ಸ್ಫುಟ, ತಾಳ್ಮೆ ಇದೆ, ಹೇಳಿದ್ದನ್ನು ಮರೆಯುವುದಿಲ್ಲ" ಎಂದಿತ್ತು ಅದರಲ್ಲಿ. ಸಹಾಯಕ ನಿರ್ದೇಶಕನಿಗೆ ಬೇಕಾದ ಮೂರು ಗುಣಗಳನ್ನು ಸಿನಿಮಾದ ಗಂಧಗಾಳಿ ಇಲ್ಲದ ಮೇಷ್ಟ್ರು ಬರೆದುಕೊಟ್ಟಿದ್ದರು. ಆ ಕಾಗದದಿಂದಲೇ ನಾನು ಮೊದಲ ಸೆಟ್ಟಿಗೆ ಹೋದೆ.

ಮೊದಲು ಕ್ಲ್ಯಾಪ್ ಹೊಡೆಯುವ ಕೆಲಸ, ಆಮೇಲೆ ಕಂಟಿನ್ಯುಟಿ. ನನ್ನ ಹಳೆಯ ಕಂಟಿನ್ಯುಟಿ ಪುಸ್ತಕದ ಒಂದು ಪುಟ ಹೀಗಿದೆ: "ಸೀನ್ 42. ಶಾಟ್ 7. ಟೇಕ್ 1 ಎನ್.ಜಿ., ಮಾತು ತಪ್ಪು. ಟೇಕ್ 2 ಎನ್.ಜಿ., ಹಿಂದೆ ಎತ್ತಿನಗಾಡಿ ಬಂತು. ಟೇಕ್ 3 ಓಕೆ. ಹಗಲು, ಹೊರಗೆ. ತಾಯಿ: ಹಸಿರು ಇಳಕಲ್ ಸೀರೆ, ಸೆರಗು ಎಡಕ್ಕೆ ಸಿಕ್ಕಿಸಿದೆ. ಕುಂಕುಮ ಬಲಕ್ಕೆ ತುಸು ಹರಡಿದೆ. ಸೊಂಟದಲ್ಲಿ ತಾಮ್ರದ ಕೊಡ, ನೀರು ಮುಕ್ಕಾಲು. ಮಗ ಕೂಗಿದಾಗ ತಿರುಗುತ್ತಾಳೆ, ಬಲಭುಜದ ಮೇಲಿಂದ." ಇದರ ಮುಂದಿನ ಶಾಟ್ ತೆಗೆದದ್ದು ವಾರಗಳ ನಂತರ, ಬೇರೆ ಊರಿನ ಬೇರೆ ಮನೆಯೊಳಗೆ. ತೆರೆಯ ಮೇಲೆ ಆಕೆ ಅಂಗಳದಿಂದ ಒಳಗೆ ಕಾಲಿಟ್ಟಂತೆ ಕಾಣುತ್ತದೆ. ಆ ಒಂದು ಹೆಜ್ಜೆ ಕೂಡಿಕೊಂಡಿರುವುದು ಈ ಪುಟದ ಬಲದ ಮೇಲೆ.

ಅದು ನೆಗೆಟಿವ್ ಕಾಲ. 35 ಎಂ.ಎಂ. ಫಿಲ್ಮ್ ಒಂದು ನಿಮಿಷಕ್ಕೆ 90 ಅಡಿ ಓಡುತ್ತದೆ. 400 ಅಡಿಯ ರೋಲ್ ಹಾಕಿದರೆ ನಾಲ್ಕೂವರೆ ನಿಮಿಷದೊಳಗೆ ಖಾಲಿ. ಪ್ರತಿ ಟೇಕಿಗೂ ಎಷ್ಟು ಅಡಿ ಓಡಿತು, ಮ್ಯಾಗಜೀನ್‌ನಲ್ಲಿ ಇನ್ನೆಷ್ಟು ಉಳಿಯಿತು ಎಂದು ಕ್ಯಾಮೆರಾ ಸಹಾಯಕರೂ ನಾವೂ ಲೆಕ್ಕ ಹಿಡಿಯುತ್ತಿದ್ದೆವು. ಸಂಜೆ ಪ್ಯಾಕಪ್ ಆದ ಮೇಲೆ ಆ ಲೆಕ್ಕ, ಓಕೆಯಾದ ಟೇಕ್‌ಗಳ ಪಟ್ಟಿ ಎಲ್ಲವೂ ಡಬ್ಬಗಳ ಜೊತೆ ಲ್ಯಾಬಿಗೆ ಹೋಗಬೇಕು. ನಾವು ಓಕೆ ಎಂದು ಬರೆದದ್ದಷ್ಟೇ ಪ್ರಿಂಟ್ ಆಗುವುದು. ಎಡಿಟಿಂಗ್ ಟೇಬಲ್ಲಿನ ಮುಂದೆ ನಿರ್ದೇಶಕರು ಇಲ್ಲದ ಹೊತ್ತಿನಲ್ಲಿ ಸಂಕಲನಕಾರರ ಜೊತೆ ಮಾತಾಡುತ್ತಿದ್ದುದು ನಮ್ಮ ಅಕ್ಷರವೇ. ಇಂದು ಡಿಜಿಟಲ್ ಬಂದು ಎಷ್ಟು ಟೇಕ್ ಬೇಕಾದರೂ ತೆಗೆಯಬಹುದು, ಮಾನಿಟರಿನಲ್ಲಿ ಹಿಂದಕ್ಕೆ ಓಡಿಸಿ ನೋಡಬಹುದು. ಹಾಗೆಂದು ಬರೆದಿಡುವ ಕೆಲಸ ತಪ್ಪಲಿಲ್ಲ. ತೆಗೆದದ್ದು ಹೆಚ್ಚಾದಷ್ಟೂ ಬೇಕಾದ್ದು ಎಲ್ಲಿದೆ ಎಂದು ಹೇಳುವವನ ಅಗತ್ಯವೂ ಹೆಚ್ಚಾಯಿತು.

ಕಿರುತೆರೆ ನಮ್ಮಂಥವರ ಪಾಲಿಗೆ ಅನ್ನದ ದಾರಿಯಾಯಿತು. 1994ರಲ್ಲಿ ಉದಯ ಟಿವಿ ಬಂತು, 2000ದಲ್ಲಿ ಈಟಿವಿ ಕನ್ನಡ. ನಡುವೆ, 1998ರಲ್ಲಿ, ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ದೂರದರ್ಶನದಲ್ಲಿ ಬಂದು ಧಾರಾವಾಹಿಗೊಂದು ಘನತೆ ತಂದುಕೊಟ್ಟಿತು. ಹಳ್ಳಿಯಲ್ಲಿ ಅವ್ವ, ಅಕ್ಕಪಕ್ಕದ ಮನೆಯವರು ಸಂಜೆಯ ಕೆಲಸ ಮುಗಿಸಿ ಟಿವಿ ಮುಂದೆ ಕೂರುವ ರೂಢಿ ಬೆಳೆದದ್ದು ಆ ವರ್ಷಗಳಲ್ಲೇ. ಸಿನಿಮಾ ಮುಗಿದರೆ ಮುಂದಿನದು ಸಿಗುವವರೆಗೆ ಕೈ ಖಾಲಿ. ಧಾರಾವಾಹಿ ಓಡುವವರೆಗೂ ತಿಂಗಳು ತಿಂಗಳು ದುಡಿಮೆ.

ಅಲ್ಲಿನ ಓಟವೇ ಬೇರೆ. ಅರ್ಧ ಗಂಟೆಯ ಕಂತಿಗೆ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕಥೆ ಬೇಕು, ವಾರವಿಡೀ ಬೇಕು. ಎಷ್ಟೋ ಸಲ ಸೀನ್ ಪೇಪರ್ ಬರುವುದು ಶೂಟಿಂಗಿನ ದಿನ ಬೆಳಿಗ್ಗೆ. ಜೆರಾಕ್ಸ್ ಮಾಡಿಸಿ ಹಂಚಿ, ಕಲಾವಿದರು ಮೇಕಪ್ಪಿಗೆ ಕೂತಾಗಲೇ ಮಾತು ಓದಿ ಹೇಳಿ, ಟೇಕಿನ ಹೊತ್ತಿಗೆ ಕ್ಯಾಮೆರಾ ಪಕ್ಕದಲ್ಲಿ ನಿಂತು ಪ್ರಾಂಪ್ಟ್ ಮಾಡಬೇಕು. ಮೊದಲ ಸಲ ಹಾಗೆ ಪ್ರಾಂಪ್ಟ್ ಮಾಡಲು ನಿಂತಾಗ ನನಗೆ ಜಗಳೂರಿನ ಮಾವ ಕಣ್ಣಮುಂದೆ ಬಂದರು. ಮಧ್ಯ ಕರ್ನಾಟಕದ ಪಾತ್ರವಿದ್ದರೆ ನನ್ನ ಪೇಪರಿನ ಅಂಚಿನಲ್ಲಿ ಇನ್ನೊಂದು ಥರದ ಬರವಣಿಗೆಯೂ ಇರುತ್ತಿತ್ತು. "ಇದೆ" ಇದ್ದಲ್ಲಿ "ಐತಿ", "ದುಡ್ಡು" ಇದ್ದಲ್ಲಿ "ರೊಕ್ಕ" ಎಂದು ತಿದ್ದಿದ ಹಾಳೆಗಳು ಕಡತದಲ್ಲಿವೆ. ನಮ್ಮ ಊರಿನ ಮಾತು ಟಿವಿಯಲ್ಲಿ ಸರಿಯಾಗಿ ಕೇಳಲಿ ಎಂದು ಪಟ್ಟ ಶ್ರಮಕ್ಕೆ ಬೇರೆ ಯಾವ ದಾಖಲೆಯೂ ಇಲ್ಲ.

ಕಡತದ ದಪ್ಪನೆಯ ಭಾಗ ಅನುಮತಿ ಪತ್ರಗಳದ್ದು. ಊರಿನ ಕಡೆ ಶೂಟಿಂಗ್ ಎಂದರೆ ಯೂನಿಟ್ಟಿನವರು ನನ್ನನ್ನೇ ಮುಂದೆ ಕಳಿಸುತ್ತಿದ್ದರು. ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಣಿಯನ್ನು ನೋಡಿದ ಯಾವ ಛಾಯಾಗ್ರಾಹಕರೂ ಸುಮ್ಮನೆ ಹೋಗುವುದಿಲ್ಲ. ಪಾಳೆಯಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಕೊಳ, ನಡುವೆ ವಸಂತ ಮಂಟಪ, ದಡದಲ್ಲಿ ಮುಸಾಫಿರಖಾನೆ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಮುಂಚಿತವಾಗಿ ಅರ್ಜಿ, ಶುಲ್ಕ, ಯಾವ ದೃಶ್ಯ ತೆಗೆಯುತ್ತೇವೆಂಬ ವಿವರ ಎಲ್ಲ ಕೊಡಬೇಕು. ಕಲ್ಲಿಗೆ ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ. ಸೂಳೆಕೆರೆಯ ಏರಿಯ ಮೇಲಾದರೆ ನೀರಾವರಿಯವರನ್ನು ಕಾಣಬೇಕು. ಹೊನ್ನಾಳಿಯ ಹೊಳೆದಂಡೆಗೆ ತಹಶೀಲ್ದಾರರ ಕಚೇರಿ, ಪೊಲೀಸ್ ಠಾಣೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ಅಭಯಾರಣ್ಯ. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಟ್ರೈಪಾಡ್ ಇಳಿಸುವಂತಿಲ್ಲ. ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಪಂಚಾಯಿತಿಯ ಪತ್ರದಷ್ಟೇ ಮುಖ್ಯ, ಮನೆ ಬಿಟ್ಟುಕೊಡುವ ಯಜಮಾನರ ಒಪ್ಪಿಗೆ. ಒಂದು ಮನೆಯ ಅಜ್ಜಿ ಹೆಬ್ಬೆಟ್ಟು ಒತ್ತುವ ಮುಂಚೆ "ದೇವರ ಮನೆಗೆ ಚಪ್ಪಲಿ ಹಾಕ್ಕೊಂಡು ಬರಬಾರದು, ಅದನ್ನೂ ಬರಕೋ" ಅಂದಿದ್ದರು. ಬರೆದುಕೊಂಡೆ. ಆ ಪತ್ರ ಈಗಲೂ ಇದೆ. ಸಿನಿಮಾವೊಂದು ಒಂದು ಊರಿನ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಅಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಸಾಲು ನನಗೆ ಸಿಕ್ಕಿಲ್ಲ.

ದುಡ್ಡಿನ ಕಾಗದಗಳು ಮಾತ್ರ ತೆಳ್ಳಗಿವೆ. ದಿನದ ಭತ್ಯೆಯಾದ ಬಾಟಾಕ್ಕೆ ಸಹಿ ಹಾಕಿದ ವೋಚರುಗಳ ನಕಲು ಕೆಲವು. ಚೆಕ್ಕಿನಲ್ಲಿ ಸಂಬಳ ಕೊಟ್ಟ ಕಡೆ ಟಿಡಿಎಸ್ ಹಿಡಿದು ಕೊಟ್ಟ ಫಾರಂ 16ಎ ಕೆಲವು. ಒಂದು ಸಿನಿಮಾ ಚಿತ್ರೀಕರಣ ಮುಗಿದು ಕುಂಬಳಕಾಯಿ ಒಡೆಯುವವರೆಗೂ ಬಂದು, ಡಬ್ಬಿಂಗಿನ ಹೊತ್ತಿಗೆ ನಿಂತುಹೋಯಿತು. ಬಾಕಿ ಸಂಬಳ ಬರಲಿಲ್ಲ. ಕಚೇರಿಗೆ ಹೋದರೆ ಬೀಗ. ನನ್ನ ಬಳಿ ಇದ್ದುದು ಮುಂಗಡ ಪಡೆದ ಒಂದು ಚೀಟಿ. ಸಂಬಳ ಇಷ್ಟು, ಇಂಥ ದಿನ ಕೊಡುತ್ತೇವೆ ಎಂಬ ಬರಹ ಯಾರ ಹತ್ತಿರವೂ ಇರಲಿಲ್ಲ. ಲೈಟ್‌ಬಾಯ್‌ಗಳಿಂದ ಹಿಡಿದು ನಮ್ಮವರೆಗೆ ಎಲ್ಲರದ್ದೂ ಅದೇ ಪಾಡು. ಆ ಸಿನಿಮಾ ತೆರೆ ಕಾಣಲಿಲ್ಲವಾದ್ದರಿಂದ ಟೈಟಲ್ ಕಾರ್ಡೂ ಇಲ್ಲ. ನನ್ನ ಕಂಟಿನ್ಯುಟಿ ಪುಸ್ತಕ ಇಲ್ಲದಿದ್ದರೆ ಆ ಸಿನಿಮಾ ನಡೆದೇ ಇಲ್ಲ ಎನ್ನಬಹುದಿತ್ತು.

ಇದಕ್ಕೆ ಕಾನೂನು ಇರಲಿಲ್ಲವೆಂದಲ್ಲ. ಚಿತ್ರ ಕಾರ್ಮಿಕರನ್ನು ಲಿಖಿತ ಒಪ್ಪಂದವಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಆ ಒಪ್ಪಂದ ಅಧಿಕಾರಿಯ ಬಳಿ ನೋಂದಣಿಯಾಗಬೇಕು ಎಂದು ಕೇಂದ್ರ ಸರ್ಕಾರ 1981ರಲ್ಲೇ ಕಾಯ್ದೆ ಮಾಡಿತ್ತು. ಅದೇ ವರ್ಷ ಕ್ಷೇಮನಿಧಿ ಕಾಯ್ದೆಯೂ ಬಂತು. ಅದರ ಪ್ರಕಾರ ಚಿತ್ರ ಕಾರ್ಮಿಕ ಎನಿಸಿಕೊಳ್ಳಲು ಕನಿಷ್ಠ 5 ಕಥಾಚಿತ್ರಗಳಲ್ಲಿ ದುಡಿದಿರಬೇಕಿತ್ತು. ಧಾರಾವಾಹಿಗಳ ಯುಗ ಶುರುವಾಗುವ ಮುಂಚಿನ ಮಾತದು. ಕಥಾಚಿತ್ರದ ಲೆಕ್ಕದಲ್ಲಿ, ವರ್ಷಗಟ್ಟಲೆ ಕಿರುತೆರೆಯಲ್ಲಿ ಬೆವರು ಸುರಿಸಿದವರ ದುಡಿಮೆ ಎಲ್ಲಿ ಕೂರಬೇಕಿತ್ತು? 5 ಚಿತ್ರ ಮಾಡಿದ್ದೇನೆ ಎನ್ನುವುದಕ್ಕೂ ಆಧಾರ ಬೇಕಿತ್ತಲ್ಲವೇ? ಇಂಥ ಹೊತ್ತಿನಲ್ಲಿ ಕೈ ಹಿಡಿಯುವುದು ನಿರ್ದೇಶಕರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಎರಡು ಸಾಲು, ಒಕ್ಕೂಟದ ಸದಸ್ಯತ್ವದ ರಸೀದಿ, ಕಾಲ್‌ಶೀಟಿನಲ್ಲಿ ಅಚ್ಚಾದ ಹೆಸರು.

ಕಾಗದದ ಬೆಲೆ ಎಲ್ಲರಿಗೂ ಮನವರಿಕೆಯಾದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ದಿನಗೂಲಿ ಲೆಕ್ಕದ ನಮ್ಮವರಲ್ಲಿ ಬಹುಪಾಲು ಊರು ಸೇರಿದರು. ಎರಡನೇ ಅಲೆಯಲ್ಲಿ, 2021ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಚಿತ್ರರಂಗ ಮತ್ತು ಕಿರುತೆರೆಯ ಕಾರ್ಮಿಕರಿಗೂ ತಲಾ 3,000 ರೂಪಾಯಿ ನೆರವು ಪ್ರಕಟಿಸಿತು. ದೊಡ್ಡ ಮೊತ್ತವಲ್ಲ, ಆದರೆ ಆ ತಿಂಗಳ ದಿನಸಿಗೆ ಆಗುತ್ತಿತ್ತು. ನಮ್ಮ ಕಡೆಯ ಹುಡುಗನೊಬ್ಬ ಫೋನ್ ಮಾಡಿ "ಅಣ್ಣಾ, ನಾನು ಅಸಿಸ್ಟೆಂಟ್ ಅಂತ ಹೇಳೋಕೆ ನನ್ನತ್ರ ಏನೂ ಇಲ್ಲ" ಅಂದ. ಮೂರು ಧಾರಾವಾಹಿಗಳಲ್ಲಿ ಹಗಲು ರಾತ್ರಿ ದುಡಿದವನು ಅವನು. ಜಗಳೂರಿನ ಹೊಲದ ಬದುವಿನಲ್ಲಿ ನಿಂತು ಆಡಿದ ಆ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. ಅವನಿಗೆ ಪ್ರತಿಭೆಯ ಕೊರತೆ ಇರಲಿಲ್ಲ, ಶ್ರದ್ಧೆಯ ಕೊರತೆ ಇರಲಿಲ್ಲ. ಇಲ್ಲದ್ದು ಕಾಗದ.

2024ರಲ್ಲಿ ಕರ್ನಾಟಕದ ವಿಧಾನಮಂಡಲ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಿನಿಮಾ ಟಿಕೆಟ್ ಮತ್ತು ಚಂದಾ ಶುಲ್ಕದ ಮೇಲೆ ಶೇ. 1ರಿಂದ 2ರವರೆಗೆ ಸೆಸ್ ಹಾಕಿ, ಆ ಹಣವನ್ನು ದುಡಿಯುವವರ ಕ್ಷೇಮಕ್ಕೆ ಬಳಸುವ ಏರ್ಪಾಡು ಅದರಲ್ಲಿದೆ. ನಮ್ಮ ದುಡಿಮೆಯನ್ನು ರಾಜ್ಯ ಗುರುತಿಸಿತು ಎಂದು ನನಗೆ ನಿಜವಾಗಿ ಸಂತೋಷವಾಯಿತು. ಆದರೆ ಇಂಥ ನೆರವು ಹಂಚುವ ಯಾವ ಮಂಡಳಿಯೂ ಮೊದಲು ಕೇಳುವುದು ನೀನು ಯಾರು, ಎಲ್ಲಿ ದುಡಿದೆ, ಎಷ್ಟು ದಿನ ದುಡಿದೆ ಎಂದು. ಉತ್ತರ ನಮ್ಮ ಬಾಯಲ್ಲಿದ್ದರೆ ಸಾಲದು.

ಈ ಕಾಗದಗಳಿಗೆ ನಮ್ಮ ಹೊಟ್ಟೆಪಾಡಿನಾಚೆಗೂ ಬೆಲೆ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ. ಆ ಚಿತ್ರ ಕೊಲ್ಲಾಪುರದ ಸ್ಟುಡಿಯೋದಲ್ಲಿ ತಯಾರಾಯಿತು, ವೈ.ವಿ. ರಾವ್ ನಿರ್ದೇಶಿಸಿದರು, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅಭಿನಯಿಸಿದರು ಎಂದೆಲ್ಲ ನಾವು ಹೇಳುತ್ತೇವೆ. ಚಿತ್ರವೇ ಇಲ್ಲದಾಗ ಇಷ್ಟನ್ನು ನಮಗೆ ತಲುಪಿಸಿದ್ದು ಅಚ್ಚಾದ ಜಾಹೀರಾತು, ಪತ್ರಿಕೆಯ ವರದಿ, ಹಳಬರು ಬರೆದಿಟ್ಟ ನೆನಪು. ಪುಣೆಯಲ್ಲಿ 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಫಿಲ್ಮಿನ ಡಬ್ಬಗಳ ಜೊತೆಗೆ ಚಿತ್ರಕಥೆ, ಪೋಸ್ಟರ್, ಹಾಡಿನ ಪುಸ್ತಕಗಳನ್ನೂ ಕೂಡಿಡುತ್ತ ಬಂದಿರುವುದು ಇದೇ ಕಾರಣಕ್ಕೆ. ಸಹಾಯಕ ನಿರ್ದೇಶಕರ ಕಂಟಿನ್ಯುಟಿ ಪುಸ್ತಕ, ಶೆಡ್ಯೂಲ್ ಚಾರ್ಟು, ತಿದ್ದಿದ ಸೀನ್ ಪೇಪರುಗಳೂ ಆ ಸಾಲಿಗೆ ಸೇರಬೇಕು. ಸಿನಿಮಾ ಹೇಗಿತ್ತೆಂದು ಪೋಸ್ಟರು ಹೇಳಬಹುದು. ಹೇಗೆ ಆಯಿತೆಂದು ಹೇಳುವುದು ನಮ್ಮ ಪುಸ್ತಕಗಳೇ. ಮನೆ ಖಾಲಿ ಮಾಡುವಾಗ ಇವನ್ನು ರದ್ದಿಗೆ ಹಾಕಿದ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಪ್ರತಿ ಸಲವೂ ಕನ್ನಡ ಸಿನಿಮಾದ ಚರಿತ್ರೆಯ ಒಂದು ಹಾಳೆ ಹೋಯಿತೆಂದೇ ನನಗನಿಸುತ್ತದೆ.

ಈಗ ಊರಿಗೆ ಹೋದಾಗಲೆಲ್ಲ ಸಿನಿಮಾ ಕನಸಿನ ಹುಡುಗರು ಹುಡುಕಿಕೊಂಡು ಬರುತ್ತಾರೆ. ಹುಡುಗಿಯರೂ ಬರುತ್ತಿದ್ದಾರೆ ಎಂಬುದು ನನಗೆ ಹೆಮ್ಮೆ. ಕ್ಯಾಮೆರಾ, ಕಥೆ ಬಗ್ಗೆ ಕೇಳುತ್ತಾರೆ. ಅದೆಲ್ಲ ಸೆಟ್ಟಿನಲ್ಲಿ ಕಲಿಯುವುದು ಇದ್ದೇ ಇದೆ. ನಾನು ಮೊದಲು ಹೇಳುವುದು ಇಷ್ಟು. ಕೆಲಸಕ್ಕೆ ಸೇರಿದ ದಿನವೇ ಸಂಬಳ, ಅವಧಿ, ಟೈಟಲ್ ಕಾರ್ಡಿನಲ್ಲಿ ಹೆಸರು ಈ ಮೂರನ್ನೂ ಬರಹದಲ್ಲಿ ಕೇಳಿ. ಕೊಡುವುದಿಲ್ಲವೆಂದರೆ ನೀವೇ ವಿನಯದಿಂದ ಬರೆದು ವಾಟ್ಸಾಪಿನಲ್ಲಿ ಕಳಿಸಿ, ಉತ್ತರ ಉಳಿಸಿಕೊಳ್ಳಿ. ಪ್ರತಿದಿನದ ಕಾಲ್‌ಶೀಟ್ ತೆಗೆದಿಡಿ. ಒಕ್ಕೂಟದ ಕಾರ್ಡ್ ಮಾಡಿಸಿ, ವರ್ಷ ವರ್ಷ ನವೀಕರಿಸಿ. ಚಿತ್ರ ಮುಗಿದ ವಾರದೊಳಗೆ ನಿರ್ದೇಶಕರಿಂದ ಎರಡು ಸಾಲು ಬರೆಸಿಕೊಳ್ಳಿ. ವರ್ಷ ಕಳೆದರೆ ಒಳ್ಳೆಯ ಮನಸ್ಸಿನವರಿಗೂ ನೆನಪು ಮಾಸುತ್ತದೆ. ಹೀಗೆ ಕೇಳುವುದರಲ್ಲಿ ನಾಚಿಕೆ ಬೇಡ, ಅದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ನನ್ನ ಕಡತದ ಎಲ್ಲ ಹಾಳೆಗಳನ್ನೂ ಈಗ ಸ್ಕ್ಯಾನ್ ಮಾಡಿಸುತ್ತಿದ್ದೇನೆ. ಕೇಳಿ ಬಂದವರಿಗೆ ಒಪ್ಪಂದದ ಮಾದರಿ, ಅನುಮತಿ ಅರ್ಜಿಯ ಮಾದರಿ ಕೊಟ್ಟು ಕಳಿಸುತ್ತೇನೆ. ಗಾಂಧಿನಗರದಲ್ಲಿ ನೆಂಟರಿರುವವರಿಗೆ ಮಾತು ಸಾಕಾಗಬಹುದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಒಂಟಿಯಾಗಿ ಹೋಗುವ ನಮ್ಮ ಮಕ್ಕಳು ಮಾತನ್ನೇ ನಂಬಿ ಕೂರುವಂತಿಲ್ಲ. ಅವರು ಮಾಡಿದ ಕೆಲಸ ಅವರ ಹೆಸರಿನಲ್ಲೇ ಉಳಿಯಬೇಕು.